ಒಣಗಿದ ಮೇಣಕ್ಕೆ ಮರುಜೀವ

ಮಹಾನವಮಿಯ ಖಂಡೇಪೂಜೆ ಹತ್ತಿರ ಬಂತೆಂದರೆ ಕುಡಚಿ, ರಾಯಬಾಗ, ಅಥಣಿ ಸೀಮೆಯಲ್ಲಿ ವಾಹನಗಳಿಗೆ ವರ್ಷದ ದೊಡ್ಡ ಸ್ನಾನ. ಟ್ರ್ಯಾಕ್ಟರು, ಕ್ರೂಸರು, ಮೋಟಾರ್ ಸೈಕಲ್ಲು, ಇದ್ದವರ ಮನೆಯ ಕಾರು ಎಲ್ಲವೂ ಮೈ ತೊಳೆಸಿಕೊಂಡು, ಚೆಂಡುಹೂವಿನ ಮಾಲೆಗೆ ಕೊರಳೊಡ್ಡಿ ನಿಲ್ಲುತ್ತವೆ. ಹಿಂದಿನ ವರ್ಷ ತಂದಿಟ್ಟ ಮೇಣದ ಪಾಲಿಶ್ ಡಬ್ಬಿ ಹೊರಬರುವುದೂ ಆಗಲೇ. ಮುಚ್ಚಳ ತೆಗೆದು ನೋಡಿದರೆ, ಬೆಣ್ಣೆಯಂತೆ ಮೆತ್ತಗಿದ್ದ ಮೇಣ ಬೇಸಿಗೆಯ ಕೆರೆಯ ತಳದಂತೆ ಬಿರುಕು ಬಿಟ್ಟಿರುತ್ತದೆ. ಡಬ್ಬಿಯ ಅಂಚಿನಿಂದ ಕಳಚಿಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುತ್ತದೆ.

ಇದನ್ನು ಎಸೆಯಬೇಕೆ, ಉಳಿಸಿಕೊಳ್ಳಬಹುದೆ? ಕೆಲವರು ಅದಕ್ಕೆ ಪೆಟ್ರೋಲ್ ಸುರಿಯುತ್ತಾರೆ. ಕೆಲವರು ಕೊಬ್ಬರಿ ಎಣ್ಣೆ ಬೆರೆಸುತ್ತಾರೆ. ಇನ್ನು ಕೆಲವರು ಡಬ್ಬಿಯನ್ನೇ ಗ್ಯಾಸ್ ಒಲೆಯ ಮೇಲಿಟ್ಟುಬಿಡುತ್ತಾರೆ. ಮೊದಲನೆಯದು ಅಪಾಯ, ಎರಡನೆಯದು ವ್ಯರ್ಥ, ಮೂರನೆಯದು ಮನೆಗೆ ಬೆಂಕಿ ಹಚ್ಚುವ ಕೆಲಸ. ಆದರೆ ಸರಿಯಾದ ದಾರಿಯೂ ಒಂದಿದೆ. ಅದು ತಿಳಿಯಬೇಕಾದರೆ ಡಬ್ಬಿಯೊಳಗೆ ಒಣಗಿದ್ದು ಏನು ಎಂಬುದು ಮೊದಲು ಗೊತ್ತಾಗಬೇಕು.

ಒಣಗಿದ್ದು ಮೇಣವಲ್ಲ

ಮೇಣಕ್ಕೆ ಒಣಗುವ ಗುಣವಿಲ್ಲ. ಅದರಲ್ಲಿ ನೀರಿನ ಅಂಶವೇ ಇಲ್ಲ. ಅಂಗಡಿಯಲ್ಲಿ ಸಿಗುವ ಡಬ್ಬಿಯ ಮೇಣವೆಂದರೆ ಗಟ್ಟಿ ಮೇಣವನ್ನು ಬಿಸಿ ಮಾಡಿ, ಪೆಟ್ರೋಲಿಯಂನಿಂದ ಬಂದ ತಿಳಿ ದ್ರಾವಕದಲ್ಲಿ ಕರಗಿಸಿ, ಆರಲು ಬಿಟ್ಟದ್ದು. ಆರುವಾಗ ಮೇಣ ಸಣ್ಣ ಸಣ್ಣ ಹರಳುಗಳಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ಆ ಬಲೆಯ ಕಣ್ಣುಗಳಲ್ಲಿ ದ್ರಾವಕ ಸಿಕ್ಕಿಕೊಂಡಿರುತ್ತದೆ. ಚಳಿಗಾಲದಲ್ಲಿ ತುಪ್ಪ ಹರಳುಗಟ್ಟಿದರೂ ಬೆರಳಿಗೆ ಮೆತ್ತಗೆ ಹತ್ತುತ್ತದಲ್ಲ, ಹಾಗೆ.

ಮುಚ್ಚಳ ಸರಿಯಾಗಿ ಕೂರದಿದ್ದರೆ ಈ ದ್ರಾವಕ ದಿನದಿನವೂ ಆವಿಯಾಗಿ ಹೋಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ನಿಂತ ಕಾರಿನೊಳಗಂತೂ ಹೊರಗಿನ ಸೆಕೆಗಿಂತ ಹೆಚ್ಚಿನ ಕಾವು. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಡಬ್ಬಿ ಬಿರಿಯದೆ ಇನ್ನೇನಾದೀತು? ಹೋದದ್ದು ಹೊತ್ತು ತಂದ ಗಾಡಿ ಮಾತ್ರ. ಸರಕು ಡಬ್ಬಿಯಲ್ಲೇ ಕೂತಿದೆ. ಒಣಗಿ ತುಂಡುತುಂಡಾದ ಚೆರ್ರಿ ಬ್ಲಾಸಮ್ ಬೂಟ್ ಪಾಲಿಶನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ. ಎರಡೂ ಒಂದೇ ಜಾತಿಯ ವಸ್ತುಗಳು.

ಇಲ್ಲೊಂದು ಭೇದವನ್ನು ಗಮನಿಸಬೇಕು. ಗಟ್ಟಿಯಾದ ಬೆಲ್ಲದ ಹೆಂಟೆ ನೀರಿಗೆ ಹಾಕಿದರೆ ಕರಗುತ್ತದೆ. ಗಟ್ಟಿಯಾದ ಸಿಮೆಂಟು ಕರಗುವುದಿಲ್ಲ. ಬೆಲ್ಲದಲ್ಲಿ ನೀರು ಹೋಗಿದೆ ಅಷ್ಟೆ, ಸಿಮೆಂಟಿನಲ್ಲಿ ವಸ್ತುವೇ ಬದಲಾಗಿದೆ. ಡಬ್ಬಿಯ ಮೇಣ ಬೆಲ್ಲದ ಜಾತಿ. ಈಚಿನ ವರ್ಷಗಳಲ್ಲಿ ಬಂದಿರುವ 'ಸೆರಾಮಿಕ್ ಕೋಟಿಂಗ್' ಸಿಮೆಂಟಿನ ಜಾತಿ. ಗಾಳಿಯ ತೇವದೊಡನೆ ಸೇರಿ ಬಾಟಲಿಯಲ್ಲೇ ಗಟ್ಟಿಯಾದ ಸೆರಾಮಿಕ್ ದ್ರವವನ್ನು ಯಾವ ಎಣ್ಣೆಯೂ ಮತ್ತೆ ದ್ರವ ಮಾಡಲಾರದು.

ಮೇಣ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಈಜಿಪ್ಟಿನ ಫಯೂಮ್ ಚಿತ್ರಗಳೇ ಸಾಕ್ಷಿ. ಕ್ರಿ.ಶ. ಮೊದಲ ಮೂರು ಶತಮಾನಗಳಲ್ಲಿ ಸತ್ತವರ ಮುಖಚಿತ್ರಗಳನ್ನು ಹಲಗೆಯ ಮೇಲೆ ಬರೆದು ಮಮ್ಮಿಗಳಿಗೆ ಕಟ್ಟುತ್ತಿದ್ದರು. ಅವುಗಳಲ್ಲಿ ಅನೇಕವು ಜೇನುಮೇಣದಲ್ಲಿ ಬಣ್ಣ ಬೆರೆಸಿ ಬರೆದವು. ಆ ಮುಖಗಳ ಹೊಳಪು ಇಂದಿಗೂ ಮಾಸಿಲ್ಲ. ಎಣ್ಣೆ ತಿಂಗಳುಗಳಲ್ಲಿ ಕಮಟುತ್ತದೆ, ಮೇಣ ಹಾಗೆ ಸುಲಭವಾಗಿ ಕೆಡುವುದಿಲ್ಲ. ಹಾಗಿರುವಾಗ ಒಂದೆರಡು ವರ್ಷದ ಡಬ್ಬಿಯನ್ನು ಕೆಟ್ಟಿತೆಂದು ಕಸಕ್ಕೆ ಹಾಕುವುದು ಅವಸರವೇ ಸರಿ.

ಕಲ್ಯಾಣದ ಅರಸ ಬರೆದಿಟ್ಟ ವಿದ್ಯೆ

ಗಟ್ಟಿ ಮೇಣವನ್ನು ಹದಕ್ಕೆ ತರುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಮೇಣದ ಅಚ್ಚಿನಿಂದ ಲೋಹದ ವಿಗ್ರಹ ಎರೆಯುವ ಕ್ರಮದ ವಿವರಣೆಯಿದೆ. ಈ ಕ್ರಮಕ್ಕೆ 'ಮಧೂಚ್ಛಿಷ್ಟ ವಿಧಾನ' ಎಂದು ಹೆಸರು. ಮಧು ಎಂದರೆ ಜೇನು, ಉಚ್ಛಿಷ್ಟ ಎಂದರೆ ಉಂಡು ಬಿಟ್ಟದ್ದು. ಜೇನು ಹಿಂಡಿದ ಮೇಲೆ ಉಳಿದದ್ದೇ ಮೇಣ.

ಮೊದಲು ಮೇಣದಲ್ಲಿ ವಿಗ್ರಹ ತಿದ್ದುವುದು, ಅದರ ಮೇಲೆ ಪದರ ಪದರವಾಗಿ ಜೇಡಿಮಣ್ಣು ಬಳಿಯುವುದು, ಒಣಗಿದ ಮೇಲೆ ಕಾಯಿಸಿ ಮೇಣವನ್ನು ರಂಧ್ರದಿಂದ ಹರಿಯಬಿಡುವುದು, ಅದು ಬಿಟ್ಟುಹೋದ ಪೊಳ್ಳಿನೊಳಕ್ಕೆ ಕಾದ ಲೋಹ ಹೊಯ್ಯುವುದು. ಸ್ಥೂಲವಾಗಿ ಕ್ರಮ ಇಷ್ಟು. ಎಷ್ಟು ಲೋಹ ಬೇಕೆಂಬುದಕ್ಕೆ ಮೇಣದ ತೂಕವೇ ಲೆಕ್ಕ: ಬೆಳ್ಳಿಯಾದರೆ ಅದರ 12 ಪಟ್ಟು, ಚಿನ್ನವಾದರೆ 16 ಪಟ್ಟು. ಬರಿಯ ಜೇನುಮೇಣ ಒಮ್ಮೆ ಬಿರುಸು, ಒಮ್ಮೆ ತೀರ ಮೆದು. ಆದ್ದರಿಂದ ದಕ್ಷಿಣದ ಸ್ಥಪತಿಗಳು ಅದಕ್ಕೆ ಮರದ ರಾಳವನ್ನೂ ಕಡಲೆಕಾಯಿ ಎಣ್ಣೆಯನ್ನೂ ಬೆರೆಸಿ ಹದ ಮಾಡಿಕೊಳ್ಳುತ್ತಾರೆ. ಅಚ್ಚಿನಿಂದ ಹರಿದುಬಂದ ಮೇಣವನ್ನು ಚೆಲ್ಲದೆ ಮತ್ತೊಂದು ವಿಗ್ರಹಕ್ಕೆ ಬಳಸುತ್ತಾರೆ. ಕಾರಿನ ಡಬ್ಬಿಗೆ ಬೇಕಾದ ಎರಡು ಪಾಠಗಳೂ ಇಲ್ಲಿವೆ. ಮೇಣ ಮರುಬಳಕೆಗೆ ಬರುವ ವಸ್ತು; ಅದರ ಹದ ಇರುವುದು ಅದಕ್ಕೆ ಬೆರೆಸಿದ ದ್ರವದಲ್ಲಿ.

ಬ್ರೆಜಿಲಿನ ತಾಳೆ, ಷಿಕಾಗೊದ ಡಬ್ಬಿ

ಕಾರಿನ ಮೇಣದಲ್ಲಿ ಜೇನುಮೇಣ ಇದ್ದರೂ ಸ್ವಲ್ಪ. ಅದು ಸುಮಾರು 62 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಬಿಡುತ್ತದೆ. ಬಿಸಿಲಿಗೆ ನಿಂತ ಕಪ್ಪು ಕಾರಿನ ತಗಡು ಈ ಕಾವಿನ ಹತ್ತಿರಕ್ಕೇ ಹೋಗುತ್ತದೆ. ಆದಕಾರಣ ತಯಾರಕರು ನೆಚ್ಚಿಕೊಂಡದ್ದು ಕಾರ್ನೂಬಾ ಎಂಬ ಮೇಣವನ್ನು. ಬ್ರೆಜಿಲ್ ದೇಶದ ಈಶಾನ್ಯದ ಒಣ ಸೀಮೆಯಲ್ಲಿ ಬೆಳೆಯುವ ಒಂದು ಬಗೆಯ ತಾಳೆಮರ ತನ್ನೊಳಗಿನ ನೀರು ಆರಿಹೋಗದಂತೆ ಎಲೆಗಳ ಮೇಲೆ ಮೇಣದ ಪುಡಿ ಹೊದೆದುಕೊಳ್ಳುತ್ತದೆ. ಗರಿ ಕಡಿದು, ಒಣಗಿಸಿ, ಬಡಿದರೆ ಪುಡಿ ಉದುರುತ್ತದೆ. ಕರಗಿಸಿ ಸೋಸಿದರೆ ಹಳದಿ ಮೇಣ. ಇದು ಕರಗಲು 82ರಿಂದ 86 ಡಿಗ್ರಿ ಕಾವು ಬೇಕು. ತುಂಬ ಗಟ್ಟಿ, ಒಳ್ಳೆಯ ಹೊಳಪು. ಆದರೆ ಹಾಗೆಯೇ ಬಳಿಯಲು ಬಾರದಷ್ಟು ಬಿರುಸು. ಅದಕ್ಕೇ ದ್ರಾವಕದ ನಂಟು.

ಷಿಕಾಗೊದಲ್ಲಿ 1910ರ ಹೊತ್ತಿಗೆ 'ಸಿಮೋನೈಜ್' ಎಂಬ ಮೇಣ ಮಾರಾಟಕ್ಕೆ ಬಂತು. ಕಾರಿಗೆ ಮೇಣ ತಿಕ್ಕುವುದಕ್ಕೆ ಅಮೆರಿಕದ ಇಂಗ್ಲಿಷಿನಲ್ಲಿ ಆ ಹೆಸರೇ ಕ್ರಿಯಾಪದವಾಯಿತು ಎಂದರೆ ಅದರ ಪ್ರಚಾರ ಎಷ್ಟಿತ್ತೆಂದು ಊಹಿಸಬಹುದು. 1923ರಲ್ಲಿ ಡ್ಯುಪಾಂಟ್ ಕಂಪನಿ ಬೇಗ ಒಣಗುವ 'ಡ್ಯೂಕೊ' ಬಣ್ಣವನ್ನು ತಂದಿತು. ನಮ್ಮ ಗ್ಯಾರೇಜುಗಳಲ್ಲಿ ಕಾರಿನ ಬಣ್ಣಕ್ಕೆ ಇಂದಿಗೂ 'ಡ್ಯೂಕೊ' ಎನ್ನುವುದುಂಟು. ಆ ಕಾಲದ ಬಣ್ಣಗಳಿಗೆ ಬಿಸಿಲೇ ಶತ್ರು. ಹಳೆಯ ಅಂಬಾಸಿಡರ್ ಕಾರನ್ನು ತಿಕ್ಕಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಮೇಲ್ಪದರ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತಿದ್ದುದೇ ಇದಕ್ಕೆ ಕಾರಣ. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಪಾರದರ್ಶಕ ಪದರ ಇರುತ್ತದೆ. ಮೇಣದ ತುರ್ತು ಕಡಿಮೆಯಾಗಿದೆ, ಉಪಯೋಗ ಹೋಗಿಲ್ಲ.

ಮರುಜೀವದ ಕ್ರಮ

ಮೊದಲು ಡಬ್ಬಿಯ ಪರೀಕ್ಷೆ. ಬಿರುಕುಬಿಟ್ಟ ಗಟ್ಟಿ ಮೇಣದಿಂದ ಸೀಮೆಎಣ್ಣೆಯಂಥ ವಾಸನೆ ಬರುತ್ತಿದ್ದರೆ, ಬೆಂಕಿಯಿಂದ ದೂರವಿಡಬೇಕೆಂಬ ಎಚ್ಚರಿಕೆ ಚೀಟಿಯ ಮೇಲಿದ್ದರೆ, ಅದು ದ್ರಾವಕದ ಜಾತಿ, ಉಳಿಸಿಕೊಳ್ಳಬಹುದು. ಬಾಟಲಿಯಲ್ಲಿ ಬರುವ ಹಾಲಿನಂಥ ಮೇಣ ನೀರಿನೊಡನೆ ಬೆರೆಸಿದ್ದು. ತಳದಲ್ಲಿ ಕೂತಿದ್ದರೆ ಚೆನ್ನಾಗಿ ಕುಲುಕಿ ನೋಡಬಹುದು. ಒಡೆದ ಹಾಲಿನಂತೆ ನೀರು ಬೇರೆ, ಗಸಿ ಬೇರೆಯಾಗಿದ್ದರೆ ಆಸೆ ಬಿಡುವುದು ಲೇಸು. ಮೂರನೆಯದು, ಕೊಳೆ ತೆಗೆಯಲು ನುಣ್ಣನೆಯ ಮಣ್ಣಿನ ಪುಡಿ ಸೇರಿಸಿದ ಮೇಣ. ಅದು ಒಣಗಿದಾಗ ಪುಡಿ ಗಂಟುಕಟ್ಟುತ್ತದೆ. ಎಷ್ಟು ಕಲಕಿದರೂ ಗಂಟು ಉಳಿದರೆ ಬಣ್ಣಕ್ಕೆ ಗೀರು ಬೀಳುವುದು ಖಂಡಿತ. ಯಾವ ಡಬ್ಬಿಯಾದರೂ ಒಳಗೆ ತುಕ್ಕಿನ ಚೂರು, ಮರಳು ಕಂಡರೆ ಕಾರಿಗೆ ತಾಗಿಸಬಾರದು. ಮೇಲಿನ ಧೂಳಿನ ಪದರವನ್ನು ಚಮಚದಿಂದ ಕೆರೆದು ತೆಗೆದು ಮುಂದುವರಿಯಬೇಕು.

ಬೇಕಾದ ದ್ರವ ಮಿನರಲ್ ಟರ್ಪೆಂಟೈನ್, ಅಂದರೆ ಬಣ್ಣದ ಅಂಗಡಿಗಳಲ್ಲಿ ಎನಾಮಲ್ ಬಣ್ಣ ತೆಳುಮಾಡಲು ಕೊಡುವ ಎಂ.ಟಿ.ಓ. ಬರಿದೆ 'ಥಿನ್ನರ್ ಕೊಡಿ' ಎಂದು ಕೇಳಿದರೆ ಎನ್.ಸಿ. ಥಿನ್ನರ್ ಕೈಗೆ ಬರಬಹುದು. ಅದು ಕಾರಿನ ಬಣ್ಣವನ್ನೇ ಕಲಕುವಷ್ಟು ತೀಕ್ಷ್ಣ. ಪೆಟ್ರೋಲ್ ಕ್ಷಣದಲ್ಲಿ ಆವಿಯಾಗಿ, ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಆವಿಯಾಗುವುದೇ ಇಲ್ಲ. ಕಾರಿನ ಮೈಮೇಲೆ ಜಿಡ್ಡಾಗಿ ಉಳಿದು ಧೂಳನ್ನು ಕರೆಯುತ್ತದೆ.

ಮೇಣವನ್ನು ಕಟ್ಟಿಗೆಯ ಕಡ್ಡಿಯಿಂದ ಸಣ್ಣ ಚೂರುಗಳಾಗಿ ಒಡೆಯಿರಿ. ನೂರು ಗ್ರಾಂ ಮೇಣಕ್ಕೆ ಒಂದು ಚಹಾ ಚಮಚದಷ್ಟು ಟರ್ಪೆಂಟೈನ್ ಹಾಕಿ, ಮುಚ್ಚಳ ಬಿಗಿದು, ನೆರಳಿನಲ್ಲಿ ಒಂದು ದಿನ ಬಿಡಿ. ಅನೇಕ ಸಲ ಇಷ್ಟರಲ್ಲೇ ಮೇಣ ಮೆತ್ತಗಾಗುತ್ತದೆ. ಸಾಲದಿದ್ದರೆ ಇನ್ನೊಂದು ಚಮಚ. ಅವಸರಪಟ್ಟು ಒಮ್ಮೆಲೇ ಸುರಿದರೆ ಮೇಣ ಸಾರಿನಂತಾಗುತ್ತದೆ. ಮತ್ತೆ ಗಟ್ಟಿ ಮಾಡಲು ಮುಚ್ಚಳ ತೆಗೆದಿಟ್ಟು ದಿನಗಟ್ಟಲೆ ಕಾಯಬೇಕು. ಹೊಸ ಬೂಟ್ ಪಾಲಿಶಿನ ಹದ ಬಂದರೆ ಸಾಕು.

ಕಾರ್ನೂಬಾ ಹೆಚ್ಚಿರುವ ಮೇಣ ತಣ್ಣನೆಯ ದ್ರವಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಆಗ ಬಿಸಿನೀರಿನ ಸಹಾಯ ಬೇಕು. ಇಲ್ಲಿಯೇ ಅಪಾಯ ಇರುವುದು. ಮಿನರಲ್ ಟರ್ಪೆಂಟೈನ್ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳಲು 30ರಿಂದ 40 ಡಿಗ್ರಿ ಸೆಲ್ಸಿಯಸ್ ಕಾವು ಸಾಕು. ನಮ್ಮ ಬೇಸಿಗೆಯ ಮಧ್ಯಾಹ್ನವೇ ಅಷ್ಟಿರುತ್ತದೆ. ಆದ್ದರಿಂದ ಅಡುಗೆಮನೆಯಲ್ಲಿ ಈ ಕೆಲಸ ಕೂಡದು. ನೀರನ್ನು ಒಳಗೆ ಕಾಯಿಸಿ, ಒಲೆ ಆರಿಸಿ, ಅಗಲ ಪಾತ್ರೆಯಲ್ಲಿ ಅಂಗಳಕ್ಕೆ ತಂದು, ಅದರೊಳಗೆ ಡಬ್ಬಿ ಇಡಬೇಕು. ಮುಚ್ಚಳ ಬಿಗಿಯಬಾರದು, ಮೇಲೆ ಸುಮ್ಮನೆ ಇಟ್ಟಿರಬೇಕು. ಬಿಗಿದರೆ ಒಳಗಿನ ಆವಿ ಮುಚ್ಚಳವನ್ನು ಸಿಡಿಸೀತು. ಹತ್ತಿರದಲ್ಲಿ ಬೀಡಿ, ಊದುಬತ್ತಿ, ದೇವರ ದೀಪ ಯಾವುದೂ ಇರಬಾರದು. ಮಕ್ಕಳನ್ನೂ ದೂರ ಇರಿಸಬೇಕು. ಹತ್ತು ಹದಿನೈದು ನಿಮಿಷದಲ್ಲಿ ಮೇಣ ಸಡಿಲಗೊಂಡ ಮೇಲೆ ಡಬ್ಬಿ ಹೊರತೆಗೆದು ನಿಧಾನವಾಗಿ ಕಲಕಿ, ಅಲುಗಾಡಿಸದೆ ಆರಲು ಬಿಡಬೇಕು. ಹರಳಿನ ಬಲೆ ಮತ್ತೆ ಹೆಣೆದುಕೊಳ್ಳುವುದು ಆಗಲೇ. ಪೂರ್ತಿ ಆರಿದ ಮೇಲೆ ಮುಚ್ಚಳ ಬಿಗಿದು ಒಂದು ರಾತ್ರಿ ಇಟ್ಟರೆ ಬೆಳಿಗ್ಗೆಗೆ ಮೇಣ ಒಂದೇ ಸಮನಾಗಿ ಕೂತಿರುತ್ತದೆ.

ಹಚ್ಚುವುದೂ ಒಂದು ಹದ

ಹೀಗೆ ಉಳಿಸಿಕೊಂಡ ಮೇಣವನ್ನು ನೇರವಾಗಿ ಬಾನೆಟ್ಟಿಗೆ ಹಚ್ಚಬಾರದು. ಬಾಗಿಲು ತೆರೆದಾಗ ಮಾತ್ರ ಕಾಣುವ ಒಳ ಅಂಚಿನಲ್ಲಿ ಒಂದು ಅಂಗೈ ಜಾಗಕ್ಕೆ ಹಚ್ಚಿ ನೋಡಬೇಕು. ಬಣ್ಣ ಮಂಕಾಗದಿದ್ದರೆ, ಗೀರು ಬೀಳದಿದ್ದರೆ ಮುಂದಿನ ಕೆಲಸ.

ಕಾರನ್ನು ತೊಳೆಯದೆ ಮೇಣ ತಿಕ್ಕುವುದು ಉಪ್ಪುಕಾಗದ ತಿಕ್ಕಿದಂತೆ. ಕೃಷ್ಣಾ ತೀರದ ಈ ಭಾಗದಲ್ಲಿ ಕಪ್ಪು ಮಣ್ಣಿನ ಧೂಳಿನ ಜೊತೆಗೆ, ಕಬ್ಬು ಅರೆಯುವ ಹಂಗಾಮಿನಲ್ಲಿ ಕಾರ್ಖಾನೆಯ ಚಿಮಣಿಯಿಂದ ಹಾರಿಬರುವ ಕರಿಬೂದಿಯೂ ವಾಹನಗಳ ಮೇಲೆ ಕೂರುತ್ತದೆ. ಧಾರಾಳ ನೀರಿನಿಂದ ತೊಳೆದು, ಒರೆಸಿ, ನೆರಳಿನಲ್ಲಿ ತಗಡು ತಣ್ಣಗಾಗುವವರೆಗೆ ಕಾಯಬೇಕು. ಕಾದ ತಗಡಿನ ಮೇಲೆ ದ್ರಾವಕ ತಕ್ಷಣ ಹಾರಿಹೋಗಿ ಮೇಣ ಪಟ್ಟೆಪಟ್ಟೆಯಾಗಿ ಕಚ್ಚಿಕೊಳ್ಳುತ್ತದೆ.

ಬನೀನು ಬಟ್ಟೆಗೆ ಸ್ವಲ್ಪವೇ ಮೇಣ ತೆಗೆದುಕೊಂಡು, ಒಂದು ಬಾಗಿಲು, ಆಮೇಲೆ ಇನ್ನೊಂದು ಎಂಬಂತೆ ಭಾಗ ಭಾಗವಾಗಿ ತೆಳ್ಳಗೆ ಸವರಬೇಕು. ದಪ್ಪಗೆ ಬಳಿದರೆ ಹೆಚ್ಚು ಹೊಳೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೊನೆಗೆ ಬಣ್ಣದ ಮೇಲೆ ಉಳಿಯುವ ಪದರ ಕಣ್ಣಿಗೆ ಕಾಣದಷ್ಟು ತೆಳು. ಉಳಿದದ್ದೆಲ್ಲ ಒರೆಸುವ ಬಟ್ಟೆಗೆ ದಂಡ. ಕೆಲವು ನಿಮಿಷಗಳಲ್ಲಿ ಸವರಿದ ಜಾಗ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಬೆರಳಿನಿಂದ ಎಳೆದಾಗ ಅಂಟದೆ ಸ್ವಚ್ಛವಾದ ಗೆರೆ ಮೂಡಿದರೆ ದ್ರಾವಕ ಹೋಯಿತೆಂದು ಅರ್ಥ. ಆಗ ಹಳೆಯ ಧೋತರದ ಮೆತ್ತನೆಯ ತುಂಡಿನಿಂದ ಒರೆಸಿದರೆ ಹೊಳಪು ಏಳುತ್ತದೆ. ಟರ್ಪೆಂಟೈನ್ ಸೇರಿಸಿದ ಮೇಣ ಆರಲು ಹೊಸದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು, ಸೈರಣೆ ಬೇಕು. ಗಾಜಿಗೆ, ಕರಿ ಪ್ಲಾಸ್ಟಿಕ್ಕಿಗೆ, ಬ್ರೇಕಿನ ಭಾಗಗಳಿಗೆ ಮೇಣ ತಾಗದಂತೆ ನೋಡಿಕೊಳ್ಳಬೇಕು. ಬಳಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯದೆ ಹೊರಗೆ ಹರವಿ ಒಣಗಿಸಬೇಕು.

ಮರೆತುಬಿಟ್ಟು ಮೇಣ ಕಾರಿನ ಮೈಮೇಲೆಯೇ ಗಟ್ಟಿಯಾದರೆ? ಉಗುರು, ಚಾಕು ಬೇಡ. ಅದೇ ಮೇಣವನ್ನು ಅದರ ಮೇಲೆ ಇನ್ನೊಮ್ಮೆ ತೆಳ್ಳಗೆ ಸವರಿ ಕೂಡಲೇ ಒರೆಸಿದರೆ ಸಾಕು. ಹೊಸ ಮೇಣದ ದ್ರಾವಕ ಹಳೆಯದನ್ನು ಸಡಿಲಿಸಿ ಎರಡೂ ಒಟ್ಟಿಗೆ ಬರುತ್ತವೆ. ಡಬ್ಬಿಯಲ್ಲಿ ನಡೆದ ಮರುಜೀವ ಇಲ್ಲಿ ಬಾಗಿಲ ಮೇಲೆ ನಡೆಯುತ್ತದೆ.

ಒಂದು ಮಾತು ನೆನಪಿರಲಿ. ಮೇಣ ಗೀರನ್ನು ಮುಚ್ಚುತ್ತದೆ, ಗುಣಪಡಿಸುವುದಿಲ್ಲ. ತುಕ್ಕು ಹಿಡಿದ ಜಾಗಕ್ಕೆ ಅದು ಮದ್ದಲ್ಲ. ನಮ್ಮ ಬಿಸಿಲು ಮಳೆಗೆ ಅದರ ಬಾಳು ಕೆಲವು ವಾರಗಳಿಂದ ಒಂದೆರಡು ತಿಂಗಳು. ಮೇಲೆ ಬಿದ್ದ ನೀರು ಮುತ್ತಿನಂತೆ ಗುಂಡಗಾಗದೆ ಹಾಳೆಯಂತೆ ಹರಡಿಕೊಂಡರೆ ಮೇಣ ಸವೆಯಿತೆಂದು ತಿಳಿಯಬೇಕು.

ಹೊಲದಲ್ಲೇ ಇರುವ ಮೇಣ

ಬ್ರೆಜಿಲಿನ ತಾಳೆಯ ಕಥೆ ಕೇಳಿದ ಕುಡಚಿಯ ರೈತ ತನ್ನ ಹೊಲದ ಕಬ್ಬನ್ನು ಒಮ್ಮೆ ನೋಡಿಕೊಳ್ಳಬೇಕು. ಗಣಿಕೆಯ ಕೆಳಗೆ ಬೂದಿ ಸವರಿದಂತೆ ಬೆಳ್ಳಗೆ ಕಾಣುವುದೂ ಮೇಣವೇ. ಬೆರಳಿಂದ ತಿಕ್ಕಿದರೆ ಬಿಳುಪು ಮಾಯವಾಗಿ ಕಬ್ಬು ಮಿಂಚುತ್ತದೆ. ಮೇಣದ ಹರಳುಗಳು ಒರಟಾಗಿ ನಿಂತಾಗ ಬೆಳಕು ಚದರಿ ಬೆಳ್ಳಗೆ ಕಾಣುತ್ತದೆ. ತಿಕ್ಕಿ ಸಮತಲವಾದಾಗ ಬೆಳಕು ನೆಟ್ಟಗೆ ಮರಳಿ ಹೊಳಪಾಗುತ್ತದೆ. ಕಾರಿನ ಬಾಗಿಲ ಮೇಲೆ ಮಂಜು ಕವಿದು ಆಮೇಲೆ ಹೊಳಪೇಳುವುದರ ಗುಟ್ಟೂ ಇದೇ.

ಕುಡಚಿಯಿಂದ ರೈಲಿನಲ್ಲಿ ಕೃಷ್ಣೆ ದಾಟಿದರೆ ಸಿಗುವ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇದೆ. ಇಂಥ ಕಾರ್ಖಾನೆಗಳಿಗೆ ಹೋದ ಕಬ್ಬಿನ ಮೇಣ ಏನಾಗುತ್ತದೆ? ಒಂದು ಪಾಲು ಸಿಪ್ಪೆಯೊಡನೆ ಬಾಯ್ಲರಿನಲ್ಲಿ ಉರಿದುಹೋಗುತ್ತದೆ. ಇನ್ನೊಂದು ಪಾಲು ರಸ ಸೋಸಿದಾಗ ಉಳಿಯುವ ಕಪ್ಪು ಮಡ್ಡಿಗೆ, ಅಂದರೆ ಪ್ರೆಸ್‌ಮಡ್‌ಗೆ ಸೇರುತ್ತದೆ. ಒಂದು ಟನ್ ಕಬ್ಬಿಗೆ ಈ ಮಡ್ಡಿ 30ರಿಂದ 40 ಕಿಲೋ. ನೀರು ಆರಿದರೆ ಸುಮಾರು ಹತ್ತು ಕಿಲೋ. ಅದರಲ್ಲಿ ಮೇಣ ಅರ್ಧದಿಂದ ಒಂದು ಕಿಲೋವರೆಗೆ. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಗೆ ಈ ಲೆಕ್ಕ ಹಾಕಿದರೆ ದಿನಕ್ಕೆ ಎರಡೂವರೆ ಟನ್ನಿಗೆ ಕಡಿಮೆಯಿಲ್ಲದ ಮೇಣ.

ಇದು ಬರಿ ಕನಸಲ್ಲ. 20ನೆಯ ಶತಮಾನದ ಆರಂಭದಲ್ಲೇ ದಕ್ಷಿಣ ಆಫ್ರಿಕಾದ ನೇಟಾಲಿನಲ್ಲಿ ಕಬ್ಬಿನ ಮೇಣ ತೆಗೆದು ಮಾರಿದ್ದುಂಟು. ಕ್ಯೂಬಾ ಮುಂದೆ ಅದರಿಂದ ಔಷಧಿಯನ್ನೂ ತಯಾರಿಸಿತು. ಈ ಮೇಣ ಗಟ್ಟಿತನದಲ್ಲಿ ಕಾರ್ನೂಬಾಗೆ ಹತ್ತಿರದ್ದು. ಪಾಲಿಶಿಗೂ ಬೂಟಿಗೂ ಒದಗುವಂಥದು. ಆದರೆ ಮಡ್ಡಿಯಿಂದ ಅದನ್ನು ಬಿಡಿಸಲು ಹೊತ್ತಿ ಉರಿಯುವ ದ್ರಾವಕಗಳು ಬೇಕು. ಮೊದಲು ಬರುವ ಮೇಣ ಕಪ್ಪು ಹಸಿರು ಬಣ್ಣದ್ದು, ಕೊಬ್ಬು ರಾಳ ಬೆರೆತದ್ದು. ಶುದ್ಧಿಯ ಖರ್ಚು ಹೆಚ್ಚು. ಅಗ್ಗದ ಪ್ಯಾರಾಫಿನ್ ಮೇಣದ ಎದುರು ಅದು ನಿಲ್ಲಲಿಲ್ಲ. ಈಗ ಪ್ರೆಸ್‌ಮಡ್ ಗೊಬ್ಬರಕ್ಕೆ ಹೋಗುತ್ತದೆ, ಜೈವಿಕ ಅನಿಲದ ಸ್ಥಾವರಗಳಿಗೂ ಹೋಗುತ್ತಿದೆ. ಹಸಿ ಮಡ್ಡಿಯನ್ನು ಹಾಗೆಯೇ ಹೊಲಕ್ಕೆ ಹರಡಿದರೆ ಅದರ ಮೇಣ ಮಣ್ಣಿನೊಳಗೆ ನೀರು ಇಂಗುವುದಕ್ಕೆ ಅಡ್ಡಿಯಾಗುತ್ತದೆ ಎಂಬ ಕಾರಣಕ್ಕೆ ಅದನ್ನು ಕೊಳೆಸಿ ಕಾಂಪೋಸ್ಟ್ ಮಾಡಿ ಹಾಕುವಂತೆ ಕೃಷಿ ತಜ್ಞರು ಹೇಳುತ್ತಾರೆ. ಕಾರಿನ ಮೇಲೆ ನೀರನ್ನು ತಡೆದರೆ ಗುಣ, ಹೊಲದಲ್ಲಿ ತಡೆದರೆ ದೋಷ!

ಅಂತೂ ಖಂಡೇಪೂಜೆಯ ಹೊತ್ತಿಗೆ ಕೈಗೆ ಸಿಗುವ ಬಿರುಕುಬಿಟ್ಟ ಡಬ್ಬಿಯನ್ನು ಕಸಕ್ಕೆ ಹಾಕುವ ಮುನ್ನ ಮೂಸಿ ನೋಡಿ, ಮುರಿದು ನೋಡಿ. ಮರಳಿಲ್ಲ, ತುಕ್ಕಿಲ್ಲ ಎಂದಾದರೆ ಒಂದು ಚಮಚ ಟರ್ಪೆಂಟೈನ್, ಒಂದು ದಿನದ ಸೈರಣೆ ಸಾಕು. ಕೆಲಸ ಮುಗಿದ ಮೇಲೆ ಡಬ್ಬಿಯ ಅಂಚನ್ನು ಚೆನ್ನಾಗಿ ಒರೆಸಿ, ಮುಚ್ಚಳವನ್ನು ಸುತ್ತಲೂ ಅದುಮಿ, ಕಾರಿನಲ್ಲಿಡದೆ ಮನೆಯ ತಂಪು ಮೂಲೆಯಲ್ಲಿಡಿ. ಮುಂದಿನ ಮಹಾನವಮಿಗೆ ಅದೇ ಡಬ್ಬಿ ಒದಗುತ್ತದೆ.